ಒಂದು ಬೀದಿಗೆ ಒಂದೇ ಕುಂಬಳ

ಟೊಮೆಟೊ, ಬೀನ್ಸ್, ಬಟಾಣಿಗಳ ಬೀಜವನ್ನು ಯಾರು ಬೇಕಾದರೂ ತಮ್ಮ ಹಿತ್ತಲಲ್ಲಿ ಒಬ್ಬರೇ ಉಳಿಸಿಕೊಳ್ಳಬಹುದು. ಅವುಗಳ ಹೂವು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ; ಪಕ್ಕದವರು ಏನು ಬೆಳೆದರೂ ಹೆಚ್ಚಿನ ಬಾಧೆಯಿಲ್ಲ. ಕುಂಬಳದ ಕಥೆ ಬೇರೆ. ಜೇನುನೊಣ ಹೊತ್ತು ತರುವ ಮೂರನೇ ಮನೆಯ ಬಳ್ಳಿಯ ಪರಾಗ ನನ್ನ ಬಳ್ಳಿಯ ಹೆಣ್ಣು ಹೂವಿಗೆ ತಲುಪದಂತೆ ತಡೆಯುವ ಕಾಂಪೌಂಡ್ ಗೋಡೆಯನ್ನು ಇನ್ನೂ ಯಾರೂ ಕಟ್ಟಿಲ್ಲ. ಬಿತ್ತನೆ ಬೀಜಕ್ಕಾಗಿಯೇ ಬೆಳೆಯುವವರು ಇಂಥ ಬೆಳೆಗಳ ಎರಡು ತಳಿಗಳ ನಡುವೆ ಅರ್ಧದಿಂದ ಒಂದು ಕಿಲೋಮೀಟರ್ ಅಂತರ ಬಿಡುತ್ತಾರೆ. ಬಡಾವಣೆಯಲ್ಲಿ ಅಷ್ಟು ದೂರದೊಳಗೆ ನೂರಾರು ಮನೆಗಳು. ಹಾಗಾಗಿ ನೆರೆಹೊರೆಯವರು ಸೇರಿ ಬೀಜ ಉಳಿಸಿ ಹಂಚಿಕೊಳ್ಳುವ ಬೀಜದ ಬಳಗ ಕಟ್ಟಲು ನಾನು ಹೊರಟಿದ್ದರಲ್ಲಿ ಪರೋಪಕಾರದ ಉಮೇದು ಅಷ್ಟೇನೂ ಇರಲಿಲ್ಲ. ನೆರೆಹೊರೆಯವರು ಒಪ್ಪದಿದ್ದರೆ ನನ್ನ ಕುಂಬಳ ನನ್ನದಾಗಿ ಉಳಿಯುತ್ತಿರಲಿಲ್ಲ.

ಮೊದಲ ಸಭೆಗೆ ಬಂದವರೆಲ್ಲ ಬೀಜ ಹಿಡಿದುಕೊಂಡೇ ಬಂದಿದ್ದರು. ಅರ್ಧಕ್ಕರ್ಧ ಅಂಗಡಿಯ ಹೈಬ್ರಿಡ್ ಪೊಟ್ಟಣಗಳು. ಹೈಬ್ರಿಡ್ ಎಂದರೆ ಪಾಪವೆಂಬ ಮಡಿವಂತಿಕೆ ನನಗಿಲ್ಲ, ನಾನೂ ಬೆಳೆಯುತ್ತೇನೆ. ಆದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ ಅದು. ಅದರ ಬೀಜ ತೆಗೆದು ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಒಂದು ಗಿಡ ಅಜ್ಜಿಯಂತೆ, ಇನ್ನೊಂದು ಅಜ್ಜನಂತೆ, ಮತ್ತೊಂದು ಯಾರಂತೆಯೂ ಇಲ್ಲ. ಬಳಗದ ಡಬ್ಬಿಗೆ ಸೇರಬೇಕಾದರೆ ತಂದವರು ಅದನ್ನು ತಾವೇ ಬೆಳೆದಿರಬೇಕು, ಬೀಜದಿಂದ ಬಂದ ಗಿಡ ತಾಯಿಗಿಡದಂತೆಯೇ ಇರಬೇಕು ಎಂದು ಅಂದೇ ಗೊತ್ತುಮಾಡಿಕೊಂಡೆವು. ಕೆಲವರು ಮುಖ ಸಣ್ಣದು ಮಾಡಿಕೊಂಡರು. ಡಬ್ಬಿಯಲ್ಲಿ ಉಳಿದದ್ದು ಒಂದು ಹಿಡಿ ತಳಿಗಳು. ಆರಂಭಕ್ಕೆ ಅಷ್ಟೇ ಇದ್ದರೆ ಒಳ್ಳೆಯದು.

ಹೊಸಬರಿಗೆ ಟೊಮೆಟೊ, ಬೀನ್ಸ್ ಕೊಟ್ಟೆವು. ಒಂದೇ ಹಂಗಾಮಿನಲ್ಲಿ ಕೈಗೆ ಬೀಜ ಬರುತ್ತದೆ, ಉತ್ಸಾಹ ಉಳಿಯುತ್ತದೆ. ಬದನೆ, ಮೆಣಸಿನಕಾಯಿ ನಡುವಿನವು: ತಾವೇ ಕಾಯಿ ಕಟ್ಟುತ್ತವೆ, ಆದರೆ ಜೇನುನೊಣ ಬಂದರೆ ಬೇಡವೆನ್ನುವುದೂ ಇಲ್ಲ. ಮೊಗ್ಗಿರುವಾಗಲೇ ಒಂದು ರೆಂಬೆಗೆ ತೆಳುವಾದ ಬಲೆಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ಆ ಕಾಯಿಗೆ ದಾರ ಕಟ್ಟಿದರೆ ಸಾಕು. ಮುಸುಕಿನ ಜೋಳವನ್ನು ಮಾತ್ರ ಖಡಾಖಂಡಿತವಾಗಿ ಬೇಡವೆಂದೆ. ಅದರ ಪರಾಗ ಗಾಳಿಯಲ್ಲಿ ಹಾರುತ್ತದೆ. ಕೆಲವೇ ಗಿಡಗಳಿಂದ ಬೀಜ ಉಳಿಸುತ್ತ ಹೋದರೆ ಪೀಳಿಗೆಯಿಂದ ಪೀಳಿಗೆಗೆ ತಳಿ ಸೊರಗುತ್ತದೆ. ನೂರಕ್ಕೂ ಹೆಚ್ಚು ಗಿಡ ನಿಲ್ಲಿಸುವ ಜಾಗ ನಮ್ಮಲ್ಲಿ ಯಾರಿಗೂ ಇಲ್ಲ.

ಕುಂಬಳಕ್ಕಾಗಿ ಬಡಾವಣೆಯ ನಕ್ಷೆಯೊಂದನ್ನು ಕೈಯಲ್ಲೇ ಬರೆದು, ಯಾವ ಮನೆಯಲ್ಲಿ ಯಾವ ಬಳ್ಳಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದೆವು. ಒಂದು ಹಂಗಾಮಿಗೆ ಒಂದು ಬೀದಿಯಲ್ಲಿ ಒಂದೇ ಕುಂಬಳದ ತಳಿ. ಬಳಗಕ್ಕೆ ಸೇರದ ಮನೆಗಳಿಗೂ ಅದೇ ತಳಿಯ ಸಸಿ ಪುಕ್ಕಟೆ ಕೊಟ್ಟೆವು. ಬೇಡವೆಂದವರು ಕಡಿಮೆ. ಆದರೂ ಅಲ್ಲೊಂದು ಇಲ್ಲೊಂದು ಬೇರೆ ಬಳ್ಳಿ ಇದ್ದೇ ಇರುತ್ತದೆ, ಗೊಬ್ಬರದ ಗುಂಡಿಯಲ್ಲಿ ತಾನೇ ಹುಟ್ಟಿಕೊಂಡದ್ದಂತೂ ಖಂಡಿತ. ಅದಕ್ಕಾಗಿ ಬೀಜದ ಕಾಯಿಗೆ ಕೈಯಿಂದಲೇ ಪರಾಗಸ್ಪರ್ಶ ಮಾಡುತ್ತೇವೆ.

ಮಾಡುವ ಕ್ರಮ ಹೀಗೆ. ಸಂಜೆ ಬಳ್ಳಿಯ ಬಳಿ ಹೋಗಿ ಮರುದಿನ ಅರಳಲಿರುವ ಮೊಗ್ಗುಗಳನ್ನು ಹುಡುಕಬೇಕು. ತುದಿಯಲ್ಲಿ ಹಸಿರು ಹೋಗಿ ಹಳದಿ ಇಣುಕಿರುತ್ತದೆ, ಆದರೆ ಎಸಳು ಇನ್ನೂ ಬಿಗಿಯಾಗಿರುತ್ತದೆ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು. ಬರೀ ಉದ್ದ ತೊಟ್ಟಿನದು ಗಂಡು. ಎರಡರ ತುದಿಯನ್ನೂ ಟೇಪಿನಿಂದಲೋ ದಾರದಿಂದಲೋ ಮುಚ್ಚಬೇಕು. ಬೆಳಿಗ್ಗೆ ಬಿಸಿಲೇರುವ ಮೊದಲು ಗಂಡು ಹೂವನ್ನು ಕಿತ್ತು, ಎಸಳುಗಳನ್ನು ಹರಿದು ಹಾಕಿದರೆ ನಡುವಿನ ಪರಾಗದ ದಿಂಡು ಬಯಲಾಗಿ ಕಾಣುತ್ತದೆ. ಹೆಣ್ಣು ಹೂವಿನ ಟೇಪು ಬಿಚ್ಚಿ ಅದರ ಶಲಾಕಾಗ್ರಕ್ಕೆ, ಅಂದರೆ ನಡುವೆ ಪರಾಗ ಹಿಡಿಯುವ ತುದಿಗೆ, ಆ ದಿಂಡನ್ನು ಮೆಲ್ಲಗೆ ಸವರಿ, ಹೂವನ್ನು ತಕ್ಷಣ ಮತ್ತೆ ಮುಚ್ಚಬೇಕು. ಸಾಧ್ಯವಾದರೆ ಎರಡು ಮೂರು ಬಳ್ಳಿಗಳ ಗಂಡು ಹೂಗಳನ್ನು ಬಳಸುವುದು ಮೇಲು. ಬಿಚ್ಚಿದ ಅರೆನಿಮಿಷದಲ್ಲೇ ಒಂದು ಜೇನುನೊಣ ಒಳಗೆ ನುಗ್ಗಿದರೆ ಆ ಹೂವಿನ ಆಸೆ ಬಿಟ್ಟು ಇನ್ನೊಂದಕ್ಕೆ ಕೈಹಾಕಬೇಕು. ಸೋರೆಯದು ತಿರುಗುಮುರುಗು: ಅದರ ಬಿಳಿ ಹೂವು ಅರಳುವುದೇ ಸಂಜೆಗೆ, ಆದ್ದರಿಂದ ಸವರುವ ಕೆಲಸವೂ ಆಗಲೇ.

ಒಂದು ಎಚ್ಚರಿಕೆ. ಬೆರಕೆಯಾದ ಕುಂಬಳದ ಬೀಜದಿಂದ ಬಂದ ಕಾಯಿ ಕೆಲವೊಮ್ಮೆ ಕಹಿಯಾಗಿರುತ್ತದೆ, ಅದರಲ್ಲೂ ಹತ್ತಿರದಲ್ಲಿ ಅಲಂಕಾರದ ಬುರುಡೆಬಳ್ಳಿಗಳಿದ್ದರೆ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಬೇಯಿಸಿದರೂ ಹೋಗುವುದಿಲ್ಲ. ಹಸಿ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯೆನಿಸಿದರೆ ಉಗುಳಿ ಕಾಯಿಯನ್ನು ಗುಂಡಿಗೆ ಹಾಕಿ.

ಪರಾಗಸ್ಪರ್ಶವನ್ನು ಕಲಿಸಬಹುದು. ಒಳ್ಳೆಯ ಕಾಯಿಯನ್ನು ಬೀಜಕ್ಕೆ ಬಿಡಿ ಎಂದು ಒಪ್ಪಿಸುವುದೇ ಕಷ್ಟ. ಎಲ್ಲರೂ ಚೆಂದದ್ದನ್ನು ಅಡುಗೆಮನೆಗೆ ಒಯ್ದು, ಕಣ್ಣಿಗೆ ಬೀಳದೆ ಬಲಿತದ್ದನ್ನೋ ಸೊಟ್ಟದ್ದನ್ನೋ ಬೀಜಕ್ಕೆ ಬಿಡುತ್ತಾರೆ. ನಮ್ಮ ಬಳಗದ ಹಿರಿಯಜ್ಜಿ ಇದನ್ನು ನನಗಿಂತ ಚೆನ್ನಾಗಿ ಹೇಳಿದರು: "ಸೊಟ್ಟದ್ದನ್ನು ಬಿತ್ತಿದರೆ ಮುಂದಿನ ವರ್ಷ ಸೊಟ್ಟದ್ದನ್ನೇ ಹೆಚ್ಚಬೇಕಾಗುತ್ತದಪ್ಪಾ, ಈಳಿಗೆ ಕೇಳುವುದಿಲ್ಲ." ಅಂದಿನಿಂದ ಬೆಳೆ ಎಳೆಯದಾಗಿರುವಾಗಲೇ ಆಯ್ದ ಗಿಡಕ್ಕೆ ಕೆಂಪು ದಾರ ಬೀಳುತ್ತದೆ. ದಾರ ಕಟ್ಟಿದ್ದನ್ನು ಮನೆಯ ಮಕ್ಕಳೂ ಮುಟ್ಟುವುದಿಲ್ಲ. ಎಲೆಯಲ್ಲಿ ಮಚ್ಚೆ, ಸುರುಟು ಕಂಡ ಗಿಡಕ್ಕೆ ದಾರವಿಲ್ಲ; ಬೀನ್ಸಿನ ಮೊಸಾಯಿಕ್ ನಂಜು ಬೀಜದ ಮೂಲಕವೇ ಮುಂದಿನ ಬೆಳೆಗೆ ದಾಟುತ್ತದೆ. ಸೊಪ್ಪಿನ ಗಿಡಗಳಲ್ಲಿ ಎಲ್ಲಕ್ಕಿಂತ ಮೊದಲು ಹೂಬಿಟ್ಟದ್ದನ್ನು ಬೀಜಕ್ಕೆ ಬಿಡಬಾರದು, ಬಿಟ್ಟರೆ ವರ್ಷದಿಂದ ವರ್ಷಕ್ಕೆ ಸೊಪ್ಪು ಕೊಯ್ಯುವ ದಿನಗಳು ಕಡಿಮೆಯಾಗುತ್ತವೆ. ಸೌತೆಯನ್ನು ತಿನ್ನುವ ಹದ ದಾಟಿಸಿ, ಪೂರ್ತಿ ಹಳದಿಗೋ ಕಂದಿಗೋ ತಿರುಗುವವರೆಗೆ ಬಳ್ಳಿಯಲ್ಲೇ ಬಿಡಬೇಕು. ಹಾಗೆ ಬಿಟ್ಟ ಬಳ್ಳಿ ಹೊಸ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತದೆ. ಈ ನಷ್ಟವನ್ನು ಮೊದಲೇ ಹೇಳಿಬಿಡುವುದು ಉತ್ತಮ.

ಟೊಮೆಟೊ ಬೀಜವನ್ನು ಲೋಳೆಯ ಸಮೇತ ಲೋಟದಲ್ಲಿ ಎರಡು ಮೂರು ದಿನ ಹುಳಿಯಲು ಬಿಡುತ್ತೇವೆ. ಮೇಲೆ ಬಿಳಿ ಪದರ ಕಟ್ಟುತ್ತದೆ, ವಾಸನೆಗೆ ಮನೆಯವರು ಗೊಣಗುತ್ತಾರೆ. ನೀರು ಹಾಕಿ ಕಲಕಿದರೆ ಗಟ್ಟಿ ಬೀಜ ತಳಕ್ಕೆ, ಜೊಳ್ಳು ಮೇಲಕ್ಕೆ. ಒಣಗಿಸುವುದು ನೆರಳಿನಲ್ಲಿ, ಗಾಳಿಯಾಡುವಲ್ಲಿ, ತಟ್ಟೆಯ ಮೇಲೆ. ಕಾಗದಕ್ಕೆ ಅಂಟಿದರೆ ಬಿಡಿಸುವುದು ಯಾತನೆ. ಬೀನ್ಸ್ ಒಣಗಿತೇ ಎಂದು ತಿಳಿಯಲು ಒಂದು ಕಾಳನ್ನು ಸುತ್ತಿಗೆಯಿಂದ ಹೊಡೆಯಿರಿ: ಚೂರಾದರೆ ಒಣಗಿದೆ, ಚಪ್ಪಟೆಯಾದರೆ ಇಲ್ಲ. ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದರೆ ಆಯಸ್ಸು ಇಮ್ಮಡಿ, ಇಡುವ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಇಮ್ಮಡಿ ಎಂಬುದು ಬೀಜವಿಜ್ಞಾನಿ ಹ್ಯಾರಿಂಗ್ಟನ್ ಹೆಸರಿನ ಅಂದಾಜು ಸೂತ್ರ. ಹಾಗಾಗಿ ಫ್ರಿಜ್ಜಿಗಿಂತ ಮೊದಲು ನಾವು ಖರ್ಚು ಮಾಡಿದ್ದು ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಮೇಲೆ. ಕಾಳಿನೊಳಗೆ ಹುಳುವಿನ ಮೊಟ್ಟೆ ಹೊಲದಿಂದಲೇ ಬಂದಿರಬಹುದು. ಚೆನ್ನಾಗಿ ಒಣಗಿದ ಕಾಳನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಹಾಕಿ ಒಂದು ವಾರ ಫ್ರೀಜರಿನಲ್ಲಿಟ್ಟರೆ ಸಾಯುತ್ತದೆ. ಹೊರತೆಗೆದ ಬಾಟಲಿಯ ತಣುಪು ಪೂರ್ತಿ ಹೋಗುವ ಮುನ್ನ ಮುಚ್ಚಳ ತೆರೆದರೆ ಒಳಗೆಲ್ಲ ನೀರಹನಿ.

ತೆಗೆದುಕೊಂಡದ್ದರ ಎರಡರಷ್ಟು ವಾಪಸು ಕೊಡಬೇಕೆಂಬ ನಿಯಮವನ್ನು ಕೆಲವರು ಮುಂದಿಟ್ಟರು. ನಾನು ವಿರೋಧಿಸಿದೆ. ಬೆಳೆ ಕೈಕೊಟ್ಟವರು ನಾಚಿಕೆಯಿಂದ ಬಳಗಕ್ಕೇ ಬರುವುದಿಲ್ಲ. ಬೀಜ ಬರದಿದ್ದರೂ ಸುದ್ದಿ ಬರಲಿ: ಎಂದು ಬಿತ್ತಿದಿರಿ, ಎಷ್ಟು ಹುಟ್ಟಿತು, ಏನು ಕೆಟ್ಟಿತು. ಇದಕ್ಕೊಂದು ದಪ್ಪ ನೋಟ್‌ಬುಕ್ ಇದೆ. ಪ್ರತಿ ತಳಿಯನ್ನೂ ಕನಿಷ್ಠ ಎರಡು ಮನೆಯಲ್ಲಿ ಬೆಳೆಯುತ್ತೇವೆ, ಮತ್ತು ಇರುವ ಬೀಜವನ್ನೆಲ್ಲ ಒಂದೇ ಸಲ ಬಿತ್ತುವುದಿಲ್ಲ. ಹಂಚುವ ಮೊದಲು ಒದ್ದೆ ಬಟ್ಟೆಯಲ್ಲಿ ಹತ್ತು ಬೀಜ ಕಟ್ಟಿಟ್ಟು ನೋಡುತ್ತೇವೆ. ಏಳಕ್ಕಿಂತ ಕಡಿಮೆ ಮೊಳೆತರೆ ಆ ತಳಿಗೆ ಈ ಸಲವೇ ಜಾಗ ಹುಡುಕಬೇಕು. ಈರುಳ್ಳಿ ಬೀಜ ಒಂದೆರಡು ವರ್ಷದಲ್ಲೇ ಸತ್ತುಹೋಗುತ್ತದೆ, ಅದಕ್ಕೆ ಯಾವಾಗಲೂ ಮೊದಲ ಸರದಿ. ಟೊಮೆಟೊ ನಾಲ್ಕೈದು ವರ್ಷ ಆರಾಮವಾಗಿ ಕಾಯುತ್ತದೆ.

ಈ ಹಂಗಾಮಿನ ನಕ್ಷೆಯಲ್ಲಿ ಹೊಸ ತಕರಾರು ಬಂದಿದೆ. ಸಿಹಿಗುಂಬಳ ಬರೆದ ಬೀದಿಯಲ್ಲೇ ಒಬ್ಬರಿಗೆ ಬೂದುಗುಂಬಳ ಬೇಕಂತೆ. ಹೆಸರಿನಲ್ಲಿ ಕುಂಬಳ ಇದ್ದರೂ ಅದರ ಕುಲವೇ ಬೇರೆ, ಇದರೊಡನೆ ಬೆರೆಯುವುದಿಲ್ಲ ಎಂದು ಹೇಳಿ ಒಪ್ಪಿಗೆ ಕೊಡಿಸಿದೆ. ಎದುರು ಮನೆಯವರಿಗೆ ಇನ್ನೂ ಅನುಮಾನ. ಅವರು ತಮ್ಮ ಹೆಣ್ಣು ಹೂಗಳಿಗೆ ಟೇಪು ಸುತ್ತುವುದನ್ನು ನಿಲ್ಲಿಸಿಲ್ಲ, ನಾನೂ ಬೇಡವೆನ್ನಲಿಲ್ಲ.