ಎಂಟನೇ ತರಗತಿಯಿಂದಲೇ ಹಿಡಿದ ಲೆಕ್ಕ

ಶಾಲಾ ಕ್ರೀಡಾಕೂಟದ ಸುತ್ತೋಲೆ ಬಂದ ಮೇಲೆ ತಂಡ ಕಟ್ಟಲು ಹೊರಟರೆ ಹೋಬಳಿ ಮಟ್ಟ ದಾಟುವುದೇ ಕಷ್ಟ. ಮಂಡ್ಯ ತಾಲ್ಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ಹಾಗಾಗಿ ಎಂಟಕ್ಕೆ ಸೇರಿದ ಮಕ್ಕಳಿಂದಲೇ ಯೋಜನೆ ಶುರು ಮಾಡಿದೆವು. ಒಂದು ಮಗು ನಮ್ಮ ಕೈಯಲ್ಲಿರುವುದು ಮೂರೇ ವರ್ಷ.

ಮೊದಲ ಕೆಲಸ ಮೈದಾನ. ನಾಲೆ ಬಯಲಿನ ಜೌಗು ಜಾಗ. ನೀರು ಹೋಗಲು ದಾರಿ ಇಲ್ಲದಿದ್ದರೆ ಎಷ್ಟು ಲೋಡು ಮಣ್ಣು ಹೊಡೆಸಿದರೂ ದುಡ್ಡು ದಂಡ. ಅಗಲದ ಕಡೆಗೆ ನೂರಡಿಗೆ ಒಂದಡಿ ಇಳಿಜಾರು ಕೊಟ್ಟು, ಅಂಚಿಗೆ ಚರಂಡಿ ತೆಗೆಸಿ, ಆಮೇಲೆ ಕೆಮ್ಮಣ್ಣು ಹರಡಿ ನೀರು ಹಾಕಿ ರೋಲರ್ ಎಳೆಸಿದೆವು.

400 ಮೀಟರ್ ಟ್ರ್ಯಾಕ್‌ಗೆ ಜಾಗವಿಲ್ಲ. ನಾಲ್ಕು ಲೇನಿನ 200 ಮೀಟರ್ ಟ್ರ್ಯಾಕ್ 90×50 ಮೀಟರಿನಲ್ಲಿ ಕೂರುತ್ತದೆ. ಎರಡು ನೇರ ಭಾಗ ತಲಾ 40 ಮೀಟರ್, ತಿರುವಿನ ಒಳಗೆರೆಯ ತ್ರಿಜ್ಯ 18.90. ದೂರ ಅಳೆಯುವುದು ಸುಣ್ಣದ ಗೆರೆಯಿಂದ 20 ಸೆಂ.ಮೀ. ಹೊರಗೆ, ಆಗ ತ್ರಿಜ್ಯ 19.10 ಆಗಿ ಎರಡು ತಿರುವು ಸೇರಿ 120 ಮೀಟರ್ ಬರುತ್ತದೆ. ಲೇನ್ 1.22 ಮೀಟರ್ ಅಗಲವಿದ್ದರೆ, ಇಡೀ ಒಂದು ಸುತ್ತಿನ ಓಟಕ್ಕೆ ಪ್ರತಿ ಹೊರ ಲೇನಿನವರನ್ನು ಪಕ್ಕದ ಒಳ ಲೇನಿನವರಿಗಿಂತ 7.67 ಮೀಟರ್ ಮುಂದೆ ನಿಲ್ಲಿಸಬೇಕು. ನಾವು ಮೊದಲ ಸಲ ಎಡವಿದ್ದು ತ್ರಿಜ್ಯ ಅಳೆಯಲು ಬಳಸಿದ ನೈಲಾನ್ ಹಗ್ಗದಿಂದ. ಎಳೆದರೆ ಅದು ಹಿಗ್ಗುತ್ತದೆ. ತ್ರಿಜ್ಯ 10 ಸೆಂ.ಮೀ. ಹೆಚ್ಚಾದರೆ ಸುತ್ತು 63 ಸೆಂ.ಮೀ. ಉದ್ದವಾಗಿ, ಮಕ್ಕಳ ಟೈಮಿಂಗ್ ಎಲ್ಲ ಸುಳ್ಳಾಗುತ್ತದೆ. ಈಗ ಸ್ಟೀಲ್ ಟೇಪು ಮಾತ್ರ. ಎರಡೂ ತಿರುವಿನ ಕೇಂದ್ರದಲ್ಲಿ ಕಬ್ಬಿಣದ ಗೂಟ ನೆಲಮಟ್ಟಕ್ಕೆ ಹೊಡೆದು ಸಿಮೆಂಟ್ ಹಾಕಿದ್ದೇವೆ. ಪ್ರತಿವರ್ಷ ಹೊಸದಾಗಿ ಹುಡುಕುವ ಕೆಲಸವಿಲ್ಲ. ನೇರ 100 ಮೀಟರ್ ಓಟಕ್ಕೆ ಮಾತ್ರ ಇಲ್ಲಿ ಜಾಗ ಸಾಲದು. ಅದಕ್ಕೆ ಹದಿನೈದು ದಿನಕ್ಕೊಮ್ಮೆ ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಕರೆದೊಯ್ಯುತ್ತೇವೆ.

ಉದ್ದ ಜಿಗಿತದ ಗುಂಡಿ 9×2.75 ಮೀಟರ್, 40 ಸೆಂ.ಮೀ. ಆಳ. ಸುಮಾರು 350 ಘನ ಅಡಿ ಮರಳು ಹಿಡಿಯುತ್ತದೆ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಬೇಡವೇ ಬೇಡ: ಅದರ ಪುಡಿ ಮಳೆಗೆ ಗಟ್ಟಿಯಾಗುತ್ತದೆ, ಚೂಪು ಕಣ ಚರ್ಮ ತರಚುತ್ತದೆ. ಜರಡಿ ಹಿಡಿದ ಹೊಳೆ ಮರಳೇ ಆಗಬೇಕು, ಪ್ರತಿ ಅಭ್ಯಾಸಕ್ಕೂ ಮುಂಚೆ ಗುದ್ದಲಿಯಿಂದ ಸಡಿಲಿಸಬೇಕು.

ಇನ್ನು ರಿಜಿಸ್ಟರ್. ಜೂನ್, ನವೆಂಬರ್, ಫೆಬ್ರವರಿಯಲ್ಲಿ ಪ್ರತಿ ಮಗುವಿನ ಎತ್ತರ, ತೂಕ, 50 ಮೀಟರ್, 600 ಮೀಟರ್, ನಿಂತಲ್ಲಿಂದ ಜಿಗಿತ ಬರೆದಿಡುತ್ತೇವೆ. ಇದರಲ್ಲಿ ಎತ್ತರದ ಕಾಲಂ ಎಲ್ಲಕ್ಕಿಂತ ಮುಖ್ಯ. ಮಗು ದಿಢೀರನೆ ಬೆಳೆಯುವಾಗ ಮೊಣಕಾಲ ಕೆಳಗೆ, ಹಿಮ್ಮಡಿಯಲ್ಲಿ ನೋವು ಬರುವುದುಂಟು. ಆಗ ಜಿಗಿತ ಕಡಿಮೆ ಮಾಡದೆ "ತಡ್ಕೋ" ಅಂದರೆ ಒಳ್ಳೆಯ ಆಟಗಾರನನ್ನು ನಾವೇ ಕಳೆದುಕೊಂಡ ಹಾಗೆ.

ಒಂಬತ್ತಕ್ಕೆ ಬಂದ ಹೆಣ್ಣುಮಕ್ಕಳು ಆಟ ಬಿಡುವುದು ನಮ್ಮನ್ನು ಬಹಳ ಕಾಡುತ್ತಿತ್ತು. ಕಾರಣ ಆಸಕ್ತಿಯದ್ದಲ್ಲ, ಬಟ್ಟೆ ಬದಲಿಸಲು ಕೋಣೆ ಇರಲಿಲ್ಲ, ಸಂಜೆ ಬಸ್ಸು ತಪ್ಪುತ್ತಿತ್ತು. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರು ಒಂದು ಕೋಣೆಗೆ ಚಿಲಕ ಹಾಕಿಸಿಕೊಟ್ಟರು, ಅಭ್ಯಾಸವನ್ನು ಬೆಳಿಗ್ಗೆ ಎಂಟಕ್ಕೆ ಬದಲಿಸಿದೆವು. ಈಗ 12×8 ಮೀಟರಿನ ಕಬಡ್ಡಿ ಅಂಕಣ ಖಾಲಿ ಬಿದ್ದಿರುವುದಿಲ್ಲ.

ಪಿಯುಗೆ ಹೋದ ಮೇಲೆ ಹೆಚ್ಚು ಮಕ್ಕಳು ಕೈತಪ್ಪುತ್ತಾರೆ. ಅದಕ್ಕೆ ಟಿಸಿ ಜೊತೆಗೆ ಒಂದು ಫೈಲ್ ಕೊಡುತ್ತೇವೆ: ಮೂರು ವರ್ಷದ ಅಳತೆ, ಪ್ರಮಾಣಪತ್ರಗಳ ಜೆರಾಕ್ಸ್, ಜನನ ಪ್ರಮಾಣಪತ್ರ. ಆಧಾರ್‌ನಲ್ಲೂ ದಾಖಲಾತಿ ಪುಸ್ತಕದಲ್ಲೂ ಹೆಸರು, ಇನಿಷಿಯಲ್ ಒಂದೇ ಇದೆಯೇ ಎಂದು ಎಂಟನೇ ತರಗತಿಯಲ್ಲೇ ನೋಡಿ ಸರಿಪಡಿಸಿರುತ್ತೇವೆ.