ಉಬ್ಬಸವಿಲ್ಲದ ದಿನವೂ ಔಷಧ: ಆಸ್ತಮಾವನ್ನು ಅರಿತು ನಿಭಾಯಿಸುವ ಬಗೆ

ಆಸ್ತಮಾ ಇರುವವರಲ್ಲಿ ಹೆಚ್ಚಿನವರು ತಮ್ಮ ಕಾಯಿಲೆಯನ್ನು ಉಬ್ಬಸ ಬಂದ ದಿನಗಳ ಲೆಕ್ಕದಲ್ಲೇ ನೋಡುತ್ತಾರೆ. ಉಸಿರು ಕಟ್ಟಿದಾಗ ಕಾಯಿಲೆ ಬಂತೆಂದೂ, ಉಸಿರು ಸರಾಗವಾದಾಗ ಹೋಯಿತೆಂದೂ ತಿಳಿದು, ನಡುವಿನ ದಿನಗಳಲ್ಲಿ ಔಷಧವನ್ನು ಬದಿಗಿಡುತ್ತಾರೆ. ಆದರೆ ಶ್ವಾಸನಾಳಗಳ ಒಳಪದರದ ಉರಿಯೂತ ಉಬ್ಬಸವಿಲ್ಲದ ದಿನವೂ ಸಣ್ಣಗೆ ಇದ್ದೇ ಇರುತ್ತದೆ. ಹೀಗೆ ಕೆರಳಿ ಕುಳಿತ ನಾಳಗಳಿಗೆ ದೂಳು, ಹೊಗೆ, ನೆಗಡಿ, ತಣ್ಣನೆಯ ಗಾಳಿ ಇವುಗಳಲ್ಲಿ ಯಾವುದಾದರೊಂದು ತಾಗಿದೊಡನೆ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಒಳಪದರ ಊದಿಕೊಳ್ಳುತ್ತದೆ, ಅಂಟು ಕಫ ಹೆಚ್ಚುತ್ತದೆ. ಗಾಳಿಯ ದಾರಿ ಕಿರಿದಾಗಿ, ಉಸಿರು ಬಿಡುವಾಗ ಸುಂಯ್ ಎಂಬ ಸದ್ದು ಕೇಳಿಸುತ್ತದೆ. ಚಿಕಿತ್ಸೆಯ ತರ್ಕವೆಲ್ಲ ಈ ತಿಳಿವಳಿಕೆಯ ಮೇಲೆಯೇ ನಿಂತಿದೆ.

ಮೊದಲು ಕಾಯಿಲೆ ಆಸ್ತಮಾವೇ ಎಂಬುದು ಖಚಿತವಾಗಬೇಕು. ರಾತ್ರಿಯ ಕೊನೆಯ ಜಾವದಲ್ಲಿ ಕೆಮ್ಮಿ ಎಚ್ಚರವಾಗುವುದು, ಓಡಿದಾಗ ಅಥವಾ ನಕ್ಕಾಗ ಎದೆ ಬಿಗಿಯುವುದು, ಕೆಲವು ವಾರ ಚೆನ್ನಾಗಿದ್ದು ಮತ್ತೆ ಕಾಡುವುದು ಇದರ ಸಾಮಾನ್ಯ ಲಕ್ಷಣಗಳು. ಕೆಲವರಲ್ಲಿ ಸದ್ದೇ ಇರದೆ ಒಣಕೆಮ್ಮು ಮಾತ್ರ ಇರುತ್ತದೆ. ಹೃದ್ರೋಗದಲ್ಲೂ, ಬೀಡಿ ಸೇದಿದವರಿಗೂ ಸೌದೆ ಒಲೆಯ ಮುಂದೆ ಬದುಕು ಕಳೆದವರಿಗೂ ಬರುವ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಲ್ಲೂ ಏದುಸಿರು ಇರುವುದರಿಂದ, ಸ್ಪೈರೊಮೆಟ್ರಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಜೋರಾಗಿ ಉಸಿರು ಊದಿಸಿ, ಔಷಧ ಕೊಟ್ಟು, ಮತ್ತೆ ಊದಿಸುತ್ತಾರೆ. ವಯಸ್ಕರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಹೊರಬೀಳುವ ಗಾಳಿಯ ಪ್ರಮಾಣ ಶೇ 12ಕ್ಕಿಂತಲೂ 200 ಮಿಲಿಲೀಟರಿಗಿಂತಲೂ ಹೆಚ್ಚಾದರೆ ಅದು ಆಸ್ತಮಾಕ್ಕೆ ಬಲವಾದ ಪುರಾವೆ. ಆರಾಮವಾಗಿರುವ ದಿನ ಫಲಿತಾಂಶ ಸಹಜವಾಗಿಯೇ ಬರಬಹುದಾದ ಕಾರಣ, ಒಂದು ಪರೀಕ್ಷೆಯಿಂದ ಕಾಯಿಲೆ ಇಲ್ಲವೆಂದು ತೀರ್ಮಾನಿಸಲಾಗದು.

ಔಷಧಗಳಲ್ಲಿ ಎರಡು ಬಗೆ. ಸಾಲ್ಬುಟಮಾಲ್‌ನಂತಹ ರಿಲೀವರ್ ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ, ಆದರೆ ಉರಿಯೂತವನ್ನು ಮುಟ್ಟುವುದಿಲ್ಲ. ಬ್ಯುಡೆಸೊನೈಡ್, ಬೆಕ್ಲೊಮೆಥಸೋನ್, ಫ್ಲೂಟಿಕಸೋನ್ ಮುಂತಾದ ಸ್ಟೀರಾಯ್ಡ್ ಇನ್ಹೇಲರುಗಳು ನಿಧಾನವಾಗಿ ಉರಿಯೂತವನ್ನೇ ತಗ್ಗಿಸುತ್ತವೆ. ಇವುಗಳ ಗುಣ ಸೇದಿದ ಕ್ಷಣದಲ್ಲಿ ಗೊತ್ತಾಗುವುದಿಲ್ಲ, ದಿನಗಳು ವಾರಗಳು ಕಳೆದಂತೆ ಗೊತ್ತಾಗುತ್ತದೆ. ತಕ್ಷಣ ಸುಖ ಕೊಡುವ ನೀಲಿ ಪಂಪನ್ನು ರೋಗಿಗಳು ಜೇಬಿನಲ್ಲಿಟ್ಟುಕೊಂಡು, ಜೀವ ಉಳಿಸುವ ಇನ್ನೊಂದನ್ನು ಕಪಾಟಿನಲ್ಲಿ ಮರೆಯುವುದು ಇದೇ ಕಾರಣಕ್ಕೆ. ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಆಸ್ತಮಾ ನಿಭಾಯಿಸಬಾರದೆಂದು ಗಿನಾ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2019ರಿಂದ ಹೇಳುತ್ತ ಬಂದಿದೆ. ಬ್ಯುಡೆಸೊನೈಡ್ ಮತ್ತು ಬಿಗಿದ ಸ್ನಾಯುವನ್ನು ಬೇಗ ಸಡಿಲಿಸುವ ಫಾರ್ಮೊಟೆರಾಲ್ ಕೂಡಿದ ಇನ್ಹೇಲರನ್ನು ನಿತ್ಯಕ್ಕೂ ತುರ್ತಿಗೂ ಬಳಸುವ ಕ್ರಮ ಈಗ ರೂಢಿಗೆ ಬರುತ್ತಿದೆ. ನಿಮಗೆ ಅದು ಹೊಂದುವುದೇ, ದಿನಕ್ಕೆ ಗರಿಷ್ಠ ಎಷ್ಟು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ.

ಪಂಪು ಒಮ್ಮೆ ಹಿಡಿದರೆ ಬಿಡಲಾಗದೆಂಬ ಭಯ ನಮ್ಮಲ್ಲಿ ಬಹಳ. ಇನ್ಹೇಲರ್ ಚಟವಾಗುವುದಿಲ್ಲ. ಸಾಲ್ಬುಟಮಾಲ್ ಮಾತ್ರೆ 2 ಅಥವಾ 4 ಮಿಲಿಗ್ರಾಂ ಇದ್ದರೆ, ಪಂಪಿನ ಒಂದು ಒತ್ತಿಗೆ ಬರುವುದು 100 ಮೈಕ್ರೊಗ್ರಾಂ. ಅಂದರೆ 4 ಮಿಲಿಗ್ರಾಂ ಮಾತ್ರೆಯಲ್ಲಿ 40 ಒತ್ತುಗಳಷ್ಟು ಔಷಧವಿದೆ, ಅದೂ ರಕ್ತದ ಮೂಲಕ ಮೈಯೆಲ್ಲ ಸುತ್ತಿ ಕೈ ನಡುಗಿಸಿ ಎದೆ ಬಡಿತ ಹೆಚ್ಚಿಸುತ್ತದೆ. ಮಾತ್ರೆಯನ್ನು ಸೌಮ್ಯವೆಂದೂ ಪಂಪನ್ನು ಉಗ್ರವೆಂದೂ ಭಾವಿಸುವುದು ತಲೆಕೆಳಗಾದ ತಿಳಿವಳಿಕೆ. ಮೃಗಶಿರಾ ಕಾಲದಲ್ಲಿ ಹೈದರಾಬಾದಿಗೆ ಹೋಗಿ ಮೀನಿನ ಬಾಯಲ್ಲಿಟ್ಟ ಔಷಧ ನುಂಗುವವರಿಗೂ ಒಂದು ಮಾತು: ಅದರಿಂದ ಆಸ್ತಮಾ ವಾಸಿಯಾಗುತ್ತದೆಂಬುದಕ್ಕೆ ವೈಜ್ಞಾನಿಕ ಪುರಾವೆಯಿಲ್ಲ. ನಂಬಿಕೆಯಿಂದ ಹೋಗುವವರೂ ಇನ್ಹೇಲರನ್ನು ನಿಲ್ಲಿಸದಿರುವುದು ಮುಖ್ಯ.

ಸೇದುವ ಕ್ರಮ

ಔಷಧ ಸರಿಯಿದ್ದೂ ಕಾಯಿಲೆ ಹತೋಟಿಗೆ ಬಾರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಸೇದುವ ಕ್ರಮವನ್ನೇ. ಒತ್ತುವ ಪಂಪನ್ನು ಬಳಸುವಾಗ ಮುಚ್ಚಳ ತೆಗೆದು, ಚೆನ್ನಾಗಿ ಅಲುಗಾಡಿಸಿ, ನೆಟ್ಟಗೆ ಕುಳಿತು, ಮೊದಲು ಉಸಿರನ್ನು ಪೂರ್ತಿ ಹೊರಬಿಡಬೇಕು. ಬಳಿಕ ಬಾಯಿ ತುದಿಯನ್ನು ತುಟಿಗಳಿಂದ ಬಿಗಿಯಾಗಿ ಹಿಡಿದು, ನಿಧಾನವಾಗಿ ಉಸಿರೆಳೆಯಲು ಆರಂಭಿಸಿದೊಡನೆ ಒಮ್ಮೆ ಮಾತ್ರ ಒತ್ತಿ, ಮೂರರಿಂದ ಐದು ಸೆಕೆಂಡು ಎಳೆಯುತ್ತ ಹೋಗಿ, ಹತ್ತು ಎಣಿಸುವವರೆಗೆ ಉಸಿರು ಬಿಗಿಹಿಡಿಯಬೇಕು. ಎರಡನೆಯ ಒತ್ತಿಗೆ ಅರ್ಧ ನಿಮಿಷವಾದರೂ ಕಾದು, ಪಂಪನ್ನು ಮತ್ತೆ ಅಲುಗಾಡಿಸಬೇಕು. ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಾಣಿಕೆ ತಪ್ಪಿದರೆ ಔಷಧವೆಲ್ಲ ಗಂಟಲಿಗೆ ಅಂಟಿಕೊಳ್ಳುತ್ತದೆ. ಅದಕ್ಕಾಗಿಯೇ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಇದೆ. ಮಕ್ಕಳಿಗೂ ವೃದ್ಧರಿಗೂ ಮಾತ್ರವಲ್ಲ, ಎಲ್ಲರಿಗೂ ಅದರಿಂದ ಉಪಯೋಗವಿದೆ. ಪುಟ್ಟ ಮಕ್ಕಳಿಗೆ ಅದರ ಜೊತೆಗೆ ಮುಖಕ್ಕೆ ಹಿಡಿಯುವ ಮಾಸ್ಕ್ ಬೇಕು. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು ಹಾಗೆಯೇ ಗಾಳಿಗೆ ಒಣಗಿಸಬೇಕು, ಬಟ್ಟೆಯಿಂದ ಉಜ್ಜಿದರೆ ಒಳಗೆ ಸ್ಥಿರ ವಿದ್ಯುತ್ ಹುಟ್ಟಿ ಔಷಧ ಗೋಡೆಗೆ ಅಂಟುತ್ತದೆ.

ಕ್ಯಾಪ್ಸೂಲ್ ಹಾಕಿ ಸೇದುವ ಪುಡಿಯ ಸಾಧನದ ಕ್ರಮ ಇದಕ್ಕೆ ವಿರುದ್ಧ. ಪುಡಿಯನ್ನು ಒಳಗೆಳೆಯುವ ಬಲ ನಿಮ್ಮ ಉಸಿರಿನದೇ ಆದ್ದರಿಂದ ಜೋರಾಗಿ, ಆಳವಾಗಿ ಎಳೆಯಬೇಕು, ಸಾಧನದೊಳಕ್ಕೆ ಉಸಿರು ಬಿಡಬಾರದು. ಆ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿಬಿಡುವವರೂ ಇದ್ದಾರೆ, ಮನೆಯ ಹಿರಿಯರ ಮೇಲೆ ಈ ಬಗ್ಗೆ ಕಣ್ಣಿಡಿ. ಸ್ಟೀರಾಯ್ಡ್ ಸೇದಿದ ಮೇಲೆ ಪ್ರತಿ ಬಾರಿಯೂ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಯ ಶಿಲೀಂಧ್ರ ಸೋಂಕು ಬಹುಮಟ್ಟಿಗೆ ತಪ್ಪುತ್ತದೆ. ವೈದ್ಯರ ಬಳಿಗೆ ಹೋದಾಗಲೆಲ್ಲ ಇನ್ಹೇಲರನ್ನು ಒಯ್ದು, ಅವರೆದುರೇ ಸೇದಿ ತೋರಿಸಿ.

ಕೆರಳಿಸುವ ಸಂಗತಿಗಳು

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳನ್ನು ಆಧರಿಸಿ ನಡೆಸಿದ ಅಧ್ಯಯನದಲ್ಲಿ ಆಸ್ತಮಾದ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು. ನಗರದ ಗಾಳಿಯನ್ನು ಒಬ್ಬರೇ ಬದಲಿಸಲಾಗದು, ಆದರೆ ಮಲಗುವ ಕೋಣೆ ನಮ್ಮ ಕೈಯಲ್ಲಿದೆ. ಸೊಳ್ಳೆಬತ್ತಿಯ ಬದಲು ಪರದೆ ಕಟ್ಟಬಹುದು. ಪೊರಕೆಯಿಂದ ದೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬಹುದು. ಹಾಸಿಗೆ ದಿಂಬಿನ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬಹುದು. ಊದುಬತ್ತಿ, ಸಾಂಬ್ರಾಣಿಗಳ ಹೊಗೆ ದೇವರ ಕೋಣೆಯದಾದರೂ ಶ್ವಾಸಕೋಶಕ್ಕೆ ಹೊಗೆಯೇ. ಮಲೆನಾಡಿನ ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು, ಬಯಲುಸೀಮೆಯ ಪಾರ್ಥೇನಿಯಂ ಪರಾಗ, ಒಕ್ಕಣೆಯ ಹೊಟ್ಟು, ಹಿಟ್ಟಿನ ಗಿರಣಿ ಮತ್ತು ಕಾಫಿ ಕ್ಯೂರಿಂಗ್ ಘಟಕಗಳ ದೂಳು ಕೂಡ ಕೆಲವರನ್ನು ಕಾಡುತ್ತವೆ. ರಜೆಯಲ್ಲಿ ಆರಾಮ, ಕೆಲಸಕ್ಕೆ ಮರಳಿದೊಡನೆ ಉಬ್ಬಸ ಎಂದಾದರೆ ಆ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು. ಎಲ್ಲ ಸಂಗತಿಗಳೂ ಎಲ್ಲರನ್ನೂ ಕೆರಳಿಸುವುದಿಲ್ಲ, ಆದ್ದರಿಂದ ಮಕ್ಕಳಿಗೆ ಬಾಳೆಹಣ್ಣು, ಮೊಸರು, ಆಟ ಎಲ್ಲವನ್ನೂ ಒಟ್ಟಿಗೆ ನಿಷೇಧಿಸುವುದು ಅನ್ಯಾಯ.

ಔಷಧದ ಅಂಗಡಿಯಲ್ಲೂ ಎಚ್ಚರ ಬೇಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ನೋವುಮಾತ್ರೆಗಳು ಕೆಲವರಿಗೆ ಉಬ್ಬಸ ತರುತ್ತವೆ. ರಕ್ತದೊತ್ತಡ ಮುಂತಾದವಕ್ಕೆ ಕೊಡುವ ಪ್ರೊಪ್ರನೊಲಾಲ್ ಮಾತ್ರೆಯಷ್ಟೇ ಅಲ್ಲ, ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಅಪಾಯ ತರಬಹುದು. ಗರ್ಭಿಣಿಯರು ಭಯದಿಂದ ಇನ್ಹೇಲರ್ ನಿಲ್ಲಿಸುವುದು ತಾಯಿಗೂ ಮಗುವಿಗೂ ಹೆಚ್ಚು ಹಾನಿಕರ.

ಕಾಯಿಲೆ ಹತೋಟಿಯಲ್ಲಿದೆಯೇ ಎಂದು ತಿಳಿಯಲು ಕಳೆದ ನಾಲ್ಕು ವಾರಗಳನ್ನು ನೆನೆದು ನೋಡಿ. ಹಗಲಿನಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ತೊಂದರೆಯಾಯಿತೇ, ರಾತ್ರಿ ಎಚ್ಚರವಾಯಿತೇ, ನೀಲಿ ಪಂಪು ವಾರಕ್ಕೆ ಎರಡು ಬಾರಿ ಮೀರಿತೇ, ಮೆಟ್ಟಿಲೇರುವಂತಹ ಕೆಲಸ ನಿಂತಿತೇ ಎಂಬ ಪ್ರಶ್ನೆಗಳಲ್ಲಿ ಒಂದಕ್ಕೆ ಹೌದೆಂದರೂ ಚಿಕಿತ್ಸೆಯನ್ನು ಮರುಪರಿಶೀಲಿಸಬೇಕು. 200 ಒತ್ತಿನ ಸಾಲ್ಬುಟಮಾಲ್ ಪಂಪುಗಳು ವರ್ಷಕ್ಕೆ ಮೂರು ಖಾಲಿಯಾದರೆ ತೀವ್ರ ಉಬ್ಬಸದ ಅಪಾಯ ಏರಿದೆಯೆಂದು ಅರ್ಥ.

ಉಬ್ಬಸ ಏರಿದಾಗ

ರೋಗಿಯನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಸ್ಪೇಸರಿನ ಮೂಲಕ ಸಾಲ್ಬುಟಮಾಲನ್ನು ಒಂದೊಂದೇ ಒತ್ತಾಗಿ ಕೊಡಿ. ಪ್ರತಿ ಒತ್ತಿನ ಬಳಿಕ ನಾಲ್ಕಾರು ಬಾರಿ ಉಸಿರಾಡಲಿ. ಹೀಗೆ ನಾಲ್ಕರಿಂದ ಹತ್ತು ಒತ್ತು ಕೊಟ್ಟು, 20 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೆ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ. ಒಂದು ವಾಕ್ಯವನ್ನು ಪೂರ್ತಿ ಆಡಲಾಗದಿರುವುದು, ತುಟಿ ನೀಲಿಯಾಗುವುದು, ಪಕ್ಕೆಲುಬುಗಳ ನಡುವೆ ಚರ್ಮ ಒಳಸೇದುವುದು, ಮಂಪರು ಕವಿಯುವುದು ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ. ಜೋರಾಗಿದ್ದ ಸುಂಯ್ ಸದ್ದು ರೋಗಿ ಇನ್ನೂ ಒದ್ದಾಡುತ್ತಿರುವಾಗಲೇ ನಿಂತರೆ ಅದು ಸುಧಾರಣೆಯಲ್ಲ, ಗಾಳಿಯೇ ಆಡುತ್ತಿಲ್ಲವೆಂಬ ಸೂಚನೆ. ಬಿಸಿನೀರಿನ ಹಬೆಯಿಂದ ನಾಳಗಳು ತೆರೆಯುವುದಿಲ್ಲ, ಮಕ್ಕಳಿಗೆ ಸುಟ್ಟ ಗಾಯವಾಗುವ ಅಪಾಯವೂ ಇದೆ.

ಆಸ್ಪತ್ರೆಯಿಂದ ಬಂದ ಮೇಲೆ ವಯಸ್ಕರಿಗೆ ಸಾಮಾನ್ಯವಾಗಿ ಐದರಿಂದ ಏಳು ದಿನ ಸ್ಟೀರಾಯ್ಡ್ ಮಾತ್ರೆ ಬರೆದಿರುತ್ತಾರೆ. ಎರಡನೆಯ ದಿನಕ್ಕೇ ಹಗುರವೆನಿಸಿದರೂ ಪೂರ್ತಿ ಮುಗಿಸಬೇಕು. ವಾರದೊಳಗೆ ವೈದ್ಯರನ್ನು ಮತ್ತೆ ಕಂಡು, ನಿತ್ಯದ ಔಷಧದ ಪ್ರಮಾಣವನ್ನು ಪರಿಶೀಲಿಸಿಕೊಳ್ಳಿ. ಉಸಿರು ಯಾವ ಮಟ್ಟಕ್ಕೆ ಇಳಿದರೆ ಏನು ಮಾಡಬೇಕೆಂಬುದನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆಸಿಕೊಂಡು, ಅದರ ಒಂದು ಪ್ರತಿಯನ್ನು ಶಾಲೆಗೂ ಇನ್ನೊಂದನ್ನು ಅಡುಗೆಮನೆಯ ಗೋಡೆಗೂ ಕೊಡಿ.