ಲ್ಯಾಬ್ ರೆಕಾರ್ಡ್‌ನಿಂದಲೇ ಶುರು ಮಾಡಿ ಇಂಗ್ಲಿಷ್ ಮಾತು

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಸಿಇಟಿ ಬರೆದು ಎಂಜಿನಿಯರಿಂಗ್ ಸೇರಿದ ಮಕ್ಕಳಿಗೆ ಇಂಗ್ಲಿಷ್ ಬರುವುದೇ ಇಲ್ಲ ಅನ್ನುವುದು ತಪ್ಪು. ವಿಟಿಯು ಪರೀಕ್ಷೆಯಲ್ಲಿ ಪುಟಗಟ್ಟಲೆ ಇಂಗ್ಲಿಷ್‌ನಲ್ಲೇ ಬರೆದು ಪಾಸಾಗುತ್ತಾರೆ, ಅಲ್ವಾ? ಆದರೆ ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಹೊರಗಿನ ಎಕ್ಸಾಮಿನರ್ ಬಂದು ಎದುರಿಗೆ ಕೂತರೆ ಬಾಯಿ ಕಟ್ಟುತ್ತದೆ. ಕೈಗೆ ಆಗಿರುವ ಅಭ್ಯಾಸ ಬಾಯಿಗೆ ಆಗಿಲ್ಲ. ಅದಕ್ಕೆ ಹೊಸ ಗ್ರಾಮರ್ ಪುಸ್ತಕ ಕೊಳ್ಳಬೇಡಿ. ನಿಮ್ಮ ಲ್ಯಾಬ್ ರೆಕಾರ್ಡ್ ತೆಗೆಯಿರಿ.

ಮೊದಲ ಕೆಲಸ ಇದು: ಈ ವಾರ ಮಾಡಿದ ಒಂದು ಪ್ರಯೋಗವನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಗಟ್ಟಿಯಾಗಿ ಹೇಳಿ. ಸಿವಿಲ್‌ನವರಾದರೆ ಹಸಿ ಕಾಂಕ್ರೀಟ್ ಎಷ್ಟು ಸಡಿಲವಾಗಿದೆ ಅಂತ ನೋಡುವ ಸ್ಲಂಪ್ ಟೆಸ್ಟ್ ಇರಲಿ. ರೆಕಾರ್ಡ್‌ನಲ್ಲಿ ‘ದ ಮೌಲ್ಡ್ ವಾಸ್ ಫಿಲ್ಡ್’ ಅಂತ ಬರೆದಿರುತ್ತೀರಿ. ಬರವಣಿಗೆಗೆ ಅದು ಸರಿ, ಮಾತಿಗೆ ಭಾರ. ‘ವಿ’ ಅಂತ ಶುರು ಮಾಡಿ ನೋಡಿ:

‘ದಿಸ್ ಕೋನ್ ಈಸ್ 30 ಸೆಂಟಿಮೀಟರ್ಸ್ ಹೈ. ವಿ ಫಿಲ್ ಇಟ್ ವಿತ್ ಕಾಂಕ್ರೀಟ್, ಲೇಯರ್ ಬೈ ಲೇಯರ್. ವಿ ಟ್ಯಾಂಪ್ ಈಚ್ ಲೇಯರ್ 25 ಟೈಮ್ಸ್. ದೆನ್ ವಿ ಲಿಫ್ಟ್ ದ ಕೋನ್. ದ ಕಾಂಕ್ರೀಟ್ ಸಿಂಕ್ಸ್. ವಿ ಮೆಷರ್ ದ ಡ್ರಾಪ್.’

ಇಷ್ಟು ಹೇಳಿದರೆ ಯಾವ ಎಕ್ಸಾಮಿನರ್‌ಗೂ ಅರ್ಥವಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷ್‌ನಲ್ಲಿ ಕರ್ತೃ ಆದ ಕೂಡಲೇ ಬರಬೇಕು. ತಲೆಯಲ್ಲಿ ಕನ್ನಡ ವಾಕ್ಯ ಕಟ್ಟಿಕೊಂಡು ಅನುವಾದಕ್ಕೆ ಕೂತರೆ ನಡುವೆ ತಡವರಿಸುವುದು ಇಲ್ಲೇ. ‘ವಿ ಫಿಲ್, ವಿ ಲಿಫ್ಟ್, ವಿ ಮೆಷರ್’ ಅಂತ ದಿನಾ ಹೇಳುತ್ತಿದ್ದರೆ ಆ ಕ್ರಮ ನಾಲಿಗೆಗೆ ಕೂರುತ್ತದೆ.

ಆಮೇಲೆ ಅದನ್ನೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಎಲ್ಲ ತಪ್ಪುಗಳನ್ನೂ ಒಟ್ಟಿಗೆ ಹುಡುಕಬೇಡಿ. ನಮ್ಮವರಲ್ಲಿ ಜಾಸ್ತಿ ಕೇಳಿಬರುವ ಎರಡನ್ನು ಹಿಡಿಯಿರಿ. ಒಂದು, ಪದದ ಕೊನೆಗೆ ಸೇರುವ ‘ಉ’: ಲೋಡು, ಕರೆಂಟು, ಸರ್ಕ್ಯೂಟು. ಇನ್ನೊಂದು, ಪದದ ಮೊದಲಿಗೆ ನುಸುಳುವ ಯಕಾರ, ವಕಾರ: ಎರರ್ ‘ಯೆರರ್’ ಆಗುತ್ತದೆ, ಓನ್ಲಿ ‘ವೋನ್ಲಿ’ ಆಗುತ್ತದೆ. ಇವು ತಿದ್ದಿದರೆ ಸಾಕು. ಉಳಿದಂತೆ ನಿಮ್ಮ ಊರಿನ ಧಾಟಿ ಹಾಗೇ ಇರಲಿ. ಅಮೆರಿಕದವರ ಹಾಗೆ ನಾಲಿಗೆ ಹೊರಳಿಸುವ ಅಗತ್ಯ ಖಂಡಿತ ಇಲ್ಲ.

ಕಿವಿಗೂ ಅಭ್ಯಾಸ ಬೇಕು. ಐಐಟಿ, ಐಐಎಸ್‌ಸಿ ಅಧ್ಯಾಪಕರ ಎನ್‌ಪಿಟಿಇಎಲ್ ಪಾಠಗಳು ಯೂಟ್ಯೂಬ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮದೇ ವಿಷಯದ ಪಾಠದಲ್ಲಿ ಎರಡು ನಿಮಿಷದ ತುಣುಕು ಆರಿಸಿ. ಒಂದು ವಾಕ್ಯ ಕೇಳಿ, ನಿಲ್ಲಿಸಿ, ಅದೇ ಏರಿಳಿತದಲ್ಲಿ ಹೇಳಿ.

ಒಬ್ಬರೇ ಹೇಳಿಕೊಂಡಿದ್ದರೆ ಸಾಲದು. ಹಾಸ್ಟೆಲ್‌ನಲ್ಲಿ ಮೂರು ನಾಲ್ಕು ಜನ ಸೇರಿ ಸಂಜೆ ಹದಿನೈದು ನಿಮಿಷ ಕೂರಿ. ಒಬ್ಬರು ವಿವರಿಸಲಿ, ಉಳಿದವರು ಪ್ರಶ್ನೆ ಕೇಳಲಿ. ಯಾರೂ ನಗಬಾರದು, ಮಾತಿನ ಮಧ್ಯೆ ತಿದ್ದಬಾರದು. ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ. ಒಂದು ಸಲ ನಗೆಪಾಟಲಾದ ಹುಡುಗಿ ಮತ್ತೆ ಬಾಯಿ ತೆರೆಯದೇ ಇರಬಹುದು. ವಿಷಯವೇ ತಿಳಿಯದಿದ್ದರೆ ಮೊದಲು ಕನ್ನಡದಲ್ಲಿ ಚರ್ಚಿಸಿ. ಅರ್ಥವಾಗದ್ದನ್ನು ಯಾವ ಭಾಷೆಯಲ್ಲೂ ಹೇಳಲಾಗದು.

ಪ್ಲೇಸ್‌ಮೆಂಟ್ ಹತ್ತಿರ ಬಂದಾಗ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ಗೆ ಸೀನಿಯರ್ ಕೊಟ್ಟ ಉತ್ತರ ಉರು ಹೊಡೆಯಬೇಡಿ. ‘ಮೈಸೆಲ್ಫ್’ ಬಿಟ್ಟು ‘ಐ ಆ್ಯಮ್’ ಎಂದು ಹೆಸರು ಹೇಳಿ. ಊರು, ಬ್ರಾಂಚ್ ಒಂದೊಂದು ವಾಕ್ಯದಲ್ಲಿ ಮುಗಿಸಿ ನೇರ ಪ್ರಾಜೆಕ್ಟ್‌ಗೆ ಬನ್ನಿ. ಅಲ್ಲಿ ‘ವಿ’ ಕಡಿಮೆಯಿರಲಿ, ತಂಡದಲ್ಲಿ ನೀವು ಮಾಡಿದ್ದೇನು ಅಂತ ‘ಐ’ ಹಾಕಿ ಹೇಳಿ. ಪ್ರಶ್ನೆ ತಿಳಿಯದಿದ್ದರೆ ಸುಮ್ನೆ ತಲೆಯಾಡಿಸಬೇಡಿ. ‘ಕುಡ್ ಯು ಪ್ಲೀಸ್ ರಿಪೀಟ್ ದ ಕ್ವೆಶ್ಚನ್?’ ಅಂತ ಕೇಳಿ. ಈ ವಾಕ್ಯವನ್ನೂ ಇವತ್ತಿನಿಂದಲೇ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ.